ಹ್ಯೂಸ್ಟನ್ನಿನ ಗಾಳಿ: ನೀರ್ಚಾಲಿನಿಂದ ಬಂದವರಿಗೊಂದು ಉತ್ತರ

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಡ್ರೈವಿಂಗ್ ಲೈಸೆನ್ಸು, ಮಕ್ಕಳ ಶಾಲೆ, ದೇವಸ್ಥಾನ, ಊರಿನ ಅಕ್ಕಿ ಸಿಗುತ್ತದೆಯೇ ಎಂಬುದಕ್ಕೆಲ್ಲ ಉದ್ದ ಉತ್ತರ ಬೇಡ. ಶಾಲೆ ಯಾವುದೆಂದು ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಹ್ಯೂಸ್ಟನ್ ಪಕ್ಕದ ಪಿಯರ್‌ಲ್ಯಾಂಡಿನಲ್ಲಿ ಮೀನಾಕ್ಷಿ ದೇವಸ್ಥಾನವಿದೆ. ಕುಚ್ಚಲಕ್ಕಿ, ತೆಂಗಿನಕಾಯಿ ಎರಡೂ ಸಿಗುತ್ತವೆ, ಕಾಯಿ ಮಾತ್ರ ಒಡೆಯುವ ತನಕ ನಂಬುವ ಹಾಗಿಲ್ಲ. ಲೈಸೆನ್ಸಿಗೆ ದಿನ ಗೊತ್ತುಮಾಡುವುದನ್ನು ಇವತ್ತೇ ಮಾಡಿ.

ಕೊನೆಗೆ ನೀವು ಕೇಳಿದ್ದೇ ದೊಡ್ಡ ಪ್ರಶ್ನೆ. ಹ್ಯೂಸ್ಟನ್ ಪಶ್ಚಿಮಕ್ಕಿರುವ ಕೇಟಿಯಲ್ಲಿ ಮರದ ಚೌಕಟ್ಟಿನ ಮನೆ ಕೊಂಡಿದ್ದೀರಿ, ಮೇ ಕೊನೆಗೆ ಅಪ್ಪ ಅಮ್ಮ ನೀರ್ಚಾಲಿನಿಂದ ಬಂದು ಆರು ತಿಂಗಳು ಇರುತ್ತಾರೆ. ಚಂಡಮಾರುತ ಬಂದರೆ ಓಡುವುದೋ, ಒಳಗೇ ಕೂರುವುದೋ, ಜನರೇಟರ್ ಬೇಕೋ? ಇದನ್ನು ಓದುವಾಗ ಐಕ್ ಎಂಬ ಚಂಡಮಾರುತ ಬಂದ 2008ರ ಸೆಪ್ಟೆಂಬರ್ ನೆನಪಾಯಿತು, ಆಗ ನಾನೂ ಇಲ್ಲಿಗೆ ಹೊಸಬ. ಅಂದಿನಿಂದ ಇಂದಿನವರೆಗೆ ಬಂದ ಗಾಳಿಗಳೆಲ್ಲ ಕಲಿಸಿದ್ದು ಒಂದೇ: ಗಾಳಿ ಒಂದು ರಾತ್ರಿಯದ್ದು, ಕರೆಂಟಿಲ್ಲದ ಮನೆ ಒಂದು ವಾರದ್ದು. ಹೆಚ್ಚಿನವರು ಆ ರಾತ್ರಿಗೆ ತಯಾರಾಗುತ್ತಾರೆ. ವಾರಕ್ಕೆ ತಯಾರಾಗುವವರು ಕಡಿಮೆ.

ಊರಿನಲ್ಲಿ ಆಟಿ ತಿಂಗಳ ಮಳೆಗಾಲದ ಗಾಳಿಗೆ ಕರೆಂಟು ಮೂರು ದಿನ ಹೋದರೂ ಮನೆ ಮನೆಯಾಗಿಯೇ ಇರುತ್ತದೆ. ಬಾವಿ ಇದೆ, ಒಲೆ ಇದೆ, ಬಚ್ಚಲಿನ ಹಂಡೆ ಇದೆ, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಸೆಖೆಯಾದರೆ ಜಗಲಿ ಇದೆ. ಇಲ್ಲಿಯ ಮನೆ ಮುಚ್ಚಿದ ಪೆಟ್ಟಿಗೆ. ಎಸಿ ನಿಂತರೆ ಜುಲೈ ತಿಂಗಳಲ್ಲಿ ಎರಡನೇ ದಿನಕ್ಕೇ ಮಹಡಿಯ ಕೋಣೆಗಳಲ್ಲಿ ಇರಲಾಗುವುದಿಲ್ಲ. 2024ರ ಜುಲೈ 8ರಂದು ಬಂದ ಬೆರಿಲ್ ಚಂಡಮಾರುತ ಐದು ದರ್ಜೆಗಳ ಲೆಕ್ಕದಲ್ಲಿ ಬರೀ ಒಂದನೇ ದರ್ಜೆಯದ್ದು, ನೆಲ ಮುಟ್ಟುವಾಗ ವೇಗ ಗಂಟೆಗೆ 80 ಮೈಲು. ಆದರೂ ಹ್ಯೂಸ್ಟನ್ ಸುತ್ತ 22 ಲಕ್ಷಕ್ಕೂ ಹೆಚ್ಚು ಸಂಪರ್ಕಗಳ ಕರೆಂಟು ಹೋಯಿತು, ಕೆಲವೆಡೆ ಬರಲು ವಾರ ದಾಟಿತು. ಆಮೇಲಿನ ದಿನಗಳಲ್ಲಿ ಮನೆಯೊಳಗಿನ ಸೆಖೆಗೇ ಹಿರಿಯರು ಜೀವ ಬಿಟ್ಟರು. ಆದ್ದರಿಂದ ದರ್ಜೆಯ ಅಂಕಿ ನೋಡಿ ಸಮಾಧಾನಪಡಬೇಡಿ. ಅದು ಗಾಳಿಯ ವೇಗ ಹೇಳುತ್ತದೆ ಅಷ್ಟೇ, ಮಳೆ, ಕಡಲಿನ ಉಬ್ಬರ, ಮುರಿಯುವ ಮರ, ತುಂಡಾಗುವ ತಂತಿ ಯಾವುದನ್ನೂ ಹೇಳುವುದಿಲ್ಲ.

ಓಡುವ ವಿಷಯ. ಇಲ್ಲಿಯವರ ಮಾತು: ನೀರಿನಿಂದ ಓಡು, ಗಾಳಿಯಿಂದ ಅಡಗು. ಕಡಲಿನ ಉಬ್ಬರ ಬರುವ ಪ್ರದೇಶಗಳನ್ನು ಪಿನ್‌ಕೋಡಿನ ಪ್ರಕಾರ ಗುರುತಿಸಿದ್ದಾರೆ, ಖಾಲಿ ಮಾಡಲು ಹೇಳುವುದು ಅಲ್ಲಿಯವರಿಗೆ. ಕೇಟಿ ಅದರಲ್ಲಿಲ್ಲ. 2005ರಲ್ಲಿ ರೀಟಾ ಬರುವಾಗ ಬೇಕಾದವರು ಬೇಡದವರು ಎಲ್ಲ ಒಟ್ಟಿಗೆ ಹೊರಟು, ಹೆದ್ದಾರಿಯಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದರು. ಗಾಳಿಗಿಂತ ಹೆಚ್ಚು ಜನ ಆ ಓಟದಲ್ಲಿ ಸತ್ತರು. ನಿಮ್ಮಲ್ಲಿ ನೋಡಬೇಕಾದ ನೀರು ಕಡಲಿನದ್ದಲ್ಲ, ಬಾರ್ಕರ್ ಜಲಾಶಯದ್ದು. 2017ರಲ್ಲಿ ಹಾರ್ವಿಯ ಮಳೆಗೆ ಅದರ ಹಿನ್ನೀರು ಕೇಟಿ ಕಡೆಯ ಬಡಾವಣೆಗಳ ಮನೆಯೊಳಗೆ ನಿಂತಿತ್ತು. ನಿಮ್ಮ ಜಾಗ ಆ ಹಿನ್ನೀರಿನ ಗಡಿಯೊಳಗೆ ಬರುತ್ತದೆಯೇ ಎಂದು ನಕ್ಷೆಯಲ್ಲಿ ನೋಡಿ. ಬಾರದಿದ್ದರೆ, ಮನೆ ಗಟ್ಟಿ ಇದ್ದರೆ, ಒಳಗೇ ಇರಿ.

ಮನೆ ಗಟ್ಟಿಯೋ ಎಂದು ನೋಡುವುದು ಗರಾಜಿನಿಂದ ಶುರುವಾಗಬೇಕು. ಎರಡು ಕಾರು ನಿಲ್ಲುವ 16 ಅಡಿಯ ಆ ತಗಡಿನ ಬಾಗಿಲೇ ಇಡೀ ಮನೆಯ ಬಲಹೀನ ಜಾಗ. ಅದು ಒಳಕ್ಕೆ ಮಡಚಿಕೊಂಡರೆ ಗಾಳಿ ಒಳಗೆ ತುಂಬಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ, ಅದೇ ಹೊತ್ತಿಗೆ ಹೊರಗಿನ ಗಾಳಿ ಮೇಲಿನಿಂದ ಹೀರುತ್ತದೆ. 1992ರಲ್ಲಿ ಫ್ಲೋರಿಡಾಕ್ಕೆ ಬಡಿದ ಆಂಡ್ರ್ಯೂ ಚಂಡಮಾರುತ ಆದ ಮೇಲೆ ಮನೆಗಳನ್ನು ಪರಿಶೀಲಿಸಿದವರು ಕಂಡದ್ದೂ ಇದನ್ನೇ: ಮೊದಲು ಗರಾಜಿನ ಬಾಗಿಲು, ಆಮೇಲೆ ಮಾಡು. ಬಾಗಿಲಿನ ಒಳಮೈಯಲ್ಲಿ ಎಷ್ಟು ಒತ್ತಡ ತಾಳುತ್ತದೆ ಎಂಬ ಚೀಟಿ ಅಂಟಿಸಿದೆಯೇ ನೋಡಿ. ಇಲ್ಲದಿದ್ದರೆ ಅದು ಸಾದಾ ಬಾಗಿಲು ಎಂದೇ ತಿಳಿಯಿರಿ. ಹೊಸದು ಹಾಕಿಸುವಷ್ಟು ದುಡ್ಡಿಲ್ಲದಿದ್ದರೆ ಅಲ್ಯೂಮಿನಿಯಂ ಕಂಬಗಳ ಕಿಟ್ ಸಿಗುತ್ತದೆ: ಬುಡ ಕಾಂಕ್ರೀಟ್ ನೆಲಕ್ಕೆ, ತಲೆ ಬಾಗಿಲ ಮೇಲಿನ ತೊಲೆಗೆ, ನಡುವೆ ಬಾಗಿಲಿನ ಹಲಗೆಗಳಿಗೆ ಬಿಗಿಯುವುದು. ತಲೆಯ ಬೋಲ್ಟು ತೊಲೆಗೆ ಸಿಗದೆ ಬರೀ ಜಿಪ್ಸಂ ಹಲಗೆಗೆ ಕೂತರೆ ಇಡೀ ಕೆಲಸ ವ್ಯರ್ಥ. ಕಂಬ ಹಾಕಿದ ಮೇಲೆ ಮೋಟಾರಿನ ಪ್ಲಗ್ ತೆಗೆದುಬಿಡಿ, ಯಾರಾದರೂ ಅಭ್ಯಾಸಬಲದಿಂದ ಗುಂಡಿ ಒತ್ತಿದರೆ ಬಾಗಿಲೇ ಹಾಳಾಗುತ್ತದೆ. ಗಾಳಿ ಹೋಗಿ ಕಂಬ ಬಿಚ್ಚಿದ ಮೇಲೂ ಕರೆಂಟಿರುವುದಿಲ್ಲ. ಆಗ ಬಾಗಿಲು ಪೂರ್ತಿ ಇಳಿದಿರುವಾಗಲೇ ಮೋಟಾರಿನಿಂದ ಬಾಗಿಲನ್ನು ಬಿಡಿಸುವ ಕೆಂಪು ಹಗ್ಗ ಎಳೆದು, ಕೈಯಿಂದ ಎತ್ತಬೇಕು.

ಕಿಟಕಿಗೆ ಟೇಪ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ, ಗಾಜು ಇನ್ನೂ ದೊಡ್ಡ ಚೂರಾಗಿ ಬೀಳುತ್ತದೆ. 5/8 ಇಂಚಿನ ಪ್ಲೈವುಡ್ ಬೇಕು, ಸ್ಕ್ರೂ ಕೂರಬೇಕಾದ್ದು ಗೋಡೆಯೊಳಗಿನ ಮರದ ಕಂಬಕ್ಕೆ, ಅಲಂಕಾರದ ಪಟ್ಟಿಗಲ್ಲ. ನಿಮ್ಮದು ಹೊರಗೆ ಇಟ್ಟಿಗೆ ಹೊದಿಸಿದ ಮನೆಯಾದರೆ ಕಿಟಕಿಯ ಗುಳಿಯೊಳಗೇ ಹಲಗೆ ಕೂರಿಸುವ ಸ್ಟೀಲ್ ಕ್ಲಿಪ್‌ಗಳಿವೆ. ಈಗಲೇ ಅಳತೆಗೆ ಕೊಯ್ಸಿ, ಪ್ರತಿ ಹಲಗೆಗೂ ಯಾವ ಕಿಟಕಿ, ಯಾವ ತುದಿ ಮೇಲೆ ಎಂದು ಮಾರ್ಕರಿನಲ್ಲಿ ಬರೆದಿಡಿ. ಎಚ್ಚರಿಕೆ ಬಂದ ಮೇಲೆ ಅಂಗಡಿಯಲ್ಲಿ ಪ್ಲೈವುಡ್ ಇರುವುದಿಲ್ಲ.

ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಬೇಕಾದ ಮಾತೊಂದಿದೆ. ಗಾಳಿ ಜೋರಾದಾಗ ಒಂದು ಕಡೆಯ ಕಿಟಕಿ ತೆರೆದಿಟ್ಟರೆ ಒತ್ತಡ ಹೊರಗೆ ಹೋಗುತ್ತದೆ ಎಂದು ಹೇಳುವವರು ಊರಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ತೆರೆಯಲೇಬಾರದು. ಹೊರಗಿನವಷ್ಟೇ ಅಲ್ಲ, ಒಳಗಿನ ಕೋಣೆಗಳ ಬಾಗಿಲನ್ನೂ ಹಾಕಿಡಬೇಕು. ಎಲ್ಲಾದರೂ ಗಾಜು ಒಡೆದರೂ ಗಾಳಿ ಆ ಒಂದು ಕೋಣೆಯಲ್ಲಿ ನಿಲ್ಲುತ್ತದೆ, ಮಾಡಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಕೂರುವ ಜಾಗ ಕೆಳ ಅಂತಸ್ತಿನಲ್ಲಿ, ಕಿಟಕಿಯಿಲ್ಲದ್ದು: ಮೆಟ್ಟಿಲ ಕೆಳಗಿನ ಗೂಡು, ಒಳಗಿನ ಬಾತ್‌ರೂಂ. ಅಪ್ಪನಿಗೆ ಅಲ್ಲೊಂದು ಕುರ್ಚಿ, ಎಲ್ಲರ ಕಾಲಲ್ಲೂ ಬೂಟು. ಗಾಜಿನ ಚೂರಿನ ಮೇಲೆ ಬರಿಗಾಲಲ್ಲಿ ನಡೆದ ಗಾಯಕ್ಕೆ ಮರುದಿನ ಡಾಕ್ಟರು ಸಿಗುವುದು ಸುಲಭವಲ್ಲ. ನಡುವೆ ಗಾಳಿ ಒಮ್ಮೆಲೇ ನಿಂತು ಆಕಾಶ ತಿಳಿಯಾದರೆ ಅಂಗಳಕ್ಕೆ ಇಳಿಯಬಾರದು. ಅದು ಚಂಡಮಾರುತದ ಕಣ್ಣು, ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಗಾಳಿ ಬರುತ್ತದೆ. ಒಂದು ಕಡೆಗೆ ವಾಲಿ ಬೇರು ಸಡಿಲಾದ ಮರ ಬೀಳುವುದು ಆಗಲೇ.

ಎಲ್ಲ ಗಾಳಿಯೂ ಮೂರು ದಿನ ಮೊದಲೇ ಟಿವಿಯಲ್ಲಿ ಹೇಳಿ ಬರುವುದಿಲ್ಲ. 2024ರ ಮೇ 16ರ ಸಂಜೆ ಬಂದದ್ದು ಚಂಡಮಾರುತವೇ ಅಲ್ಲ, ಸಾಲುಗಟ್ಟಿ ಬಂದ ಗುಡುಗು ಮೋಡದ ನೇರ ಗಾಳಿ. ಡೌನ್‌ಟೌನ್ ಗೋಪುರಗಳ ಗಾಜು ಪುಡಿಯಾಯಿತು, ಲಕ್ಷಗಟ್ಟಲೆ ಮನೆಗೆ ಕರೆಂಟು ಹೋಯಿತು. ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30 ಎಂಬ ಲೆಕ್ಕವನ್ನು ನಂಬಿ ಕೂತರೆ ಸಾಲದು, ನೀರು, ಟಾರ್ಚು, ಬ್ಯಾಟರಿ ಮೇ ಮೊದಲ ವಾರಕ್ಕೇ ಮನೆಯಲ್ಲಿರಲಿ.

ಇನ್ನು ಜನರೇಟರ್. ನನ್ನ ಅಭಿಪ್ರಾಯ ಕೇಳಿದರೆ ಇಡೀ ಮನೆಯ ಎಸಿ ನಡೆಸುವಂಥದ್ದು ಬೇಡ. 2,000 ವಾಟಿನ ಸಣ್ಣ ಇನ್ವರ್ಟರ್ ಜನರೇಟರ್, ಜೊತೆಗೆ 5,000 ಬಿಟಿಯು (ಎಸಿಯ ತಂಪುಮಾಡುವ ಶಕ್ತಿಯ ಅಳತೆ) ಕಿಟಕಿ ಎಸಿ ಒಂದು. ಈ ಎಸಿಗೆ 450ರಿಂದ 500 ವಾಟ್ ಸಾಕು. ಫ್ರಿಜ್ಜು ಓಡುವಾಗ 150 ವಾಟ್ ಆಸುಪಾಸು, ಆದರೆ ಶುರುವಾಗುವ ಕ್ಷಣಕ್ಕೆ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ, ಹಾಗಾಗಿ ಎರಡನ್ನೂ ಒಂದೇ ಸಲ ಚಾಲೂ ಮಾಡಬೇಡಿ. ಕೆಳಗಿನ ಒಂದು ಕೋಣೆ ತಂಪಾದರೆ ಮನೆಮಂದಿಯೆಲ್ಲ ಅಲ್ಲಿ ಮಲಗಬಹುದು. ಈ ಹೊರೆಗೆ ದಿನಕ್ಕೆ ನಾಲ್ಕೈದು ಗ್ಯಾಲನ್ ಪೆಟ್ರೋಲ್ ಹಿಡಿಯಿರಿ. ಕರೆಂಟಿಲ್ಲದ ಪೆಟ್ರೋಲ್ ಪಂಪಿನಲ್ಲಿ ಪೆಟ್ರೋಲ್ ಸಿಗುವುದಿಲ್ಲ, ಮೊದಲೇ ತುಂಬಿಡಬೇಕು. ಪೆಟ್ರೋಲ್ ಕೆಡದಂತೆ ಅದಕ್ಕೆ ಬೆರೆಸುವ ಸ್ಟೆಬಿಲೈಸರ್ ಹಾಕಿ ಹೊರಗಿನ ಶೆಡ್ಡಿನಲ್ಲಿಡಿ, ಸೀಸನ್ ಮುಗಿದ ಮೇಲೆ ಕಾರಿಗೆ ಹೊಯ್ದುಬಿಡಿ.

ಈ ಒಂದು ವಿಷಯವನ್ನು ಮಾತ್ರ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಜನರೇಟರ್ ಮನೆಯಿಂದ ಕಡಿಮೆಯೆಂದರೆ 20 ಅಡಿ ದೂರ, ಹೊಗೆಕೊಳವೆ ಮನೆಗೆ ಬೆನ್ನು ಹಾಕಿ. ಗರಾಜಿನಲ್ಲಿ ಬೇಡ, ಗರಾಜಿನ ಬಾಗಿಲು ತೆರೆದಿದ್ದರೂ ಬೇಡ, ಮಳೆಗೆ ನೆನೆಯುತ್ತದೆ ಎಂದು ಹಿಂಬದಿಯ ಮಾಡಿನ ಕೆಳಗೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. 2020ರಲ್ಲಿ ಲೂಯಿಸಿಯಾನಕ್ಕೆ ಬಡಿದ ಲಾರಾ ಗಂಟೆಗೆ 150 ಮೈಲಿನ ಗಾಳಿ, ಅಲ್ಲಿ ಸತ್ತವರಲ್ಲಿ ದೊಡ್ಡ ಪಾಲು ಜನರೇಟರಿನ ಹೊಗೆಗೆ. ಬಿರುಗಾಳಿಯನ್ನು ಬದುಕಿ ದಾಟಿದವರು ಮರುರಾತ್ರಿ ಫ್ಯಾನಿನ ಕೆಳಗೆ ಮಲಗಿ ಹೋದರು. ನನ್ನನ್ನು ಇಂದಿಗೂ ಕಾಡುವುದು ಇದೇ. ನಮ್ಮವರಿಗೆ ಹೊಗೆಯೆಂದರೆ ಕಣ್ಣುರಿಸುವ, ಕೆಮ್ಮಿಸುವ ಒಲೆಯ ಹೊಗೆ, ಅದು ತಾನೇ ಎಬ್ಬಿಸಿ ಹೊರಗೆ ಕಳುಹಿಸುತ್ತದೆ. ಇದು ಎಬ್ಬಿಸುವುದಿಲ್ಲ ಎಂಬುದನ್ನು ಅಪ್ಪ ಅಮ್ಮನಿಗೆ ಕೂರಿಸಿಕೊಂಡು ಹೇಳಿ. ಮಲಗುವ ಕೋಣೆಯ ಹತ್ತಿರ ಈ ವಿಷವನ್ನು ಗುರುತಿಸುವ ಬ್ಯಾಟರಿಯ ಅಲಾರಂ ಹಾಕಿ, ಗುಂಡಿ ಒತ್ತಿ ಅದರ ಸದ್ದನ್ನೂ ಕೇಳಿಸಿ. ಅದು ಕೂಗಿದರೆ ಕಾರಣ ಹುಡುಕುತ್ತ ನಿಲ್ಲದೆ ಎಲ್ಲರೂ ಹೊರಗೆ ಬಂದು ಇಲ್ಲಿಯ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು. ಇದ್ದಿಲಿನ ಗ್ರಿಲ್ ಕೂಡ ಇದೇ ವಿಷ ಬಿಡುತ್ತದೆ, ಅದನ್ನು ಅಡಿಗೆಮನೆಗೆ ತರಬಾರದು.

ಗಂಡು ಪ್ಲಗ್ ಎರಡೂ ತುದಿಗಿರುವ ತಂತಿಯಿಂದ ಗೋಡೆಯ ಸಾಕೆಟ್ಟಿಗೆ ಕರೆಂಟು ಕೊಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಆ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಹಿಂದಕ್ಕೆ ಹರಿದು ಸಾವಿರಾರು ವೋಲ್ಟಾಗುತ್ತದೆ, ಕಂಬದ ಮೇಲಿನ ಲೈನ್‌ಮನ್‌ನ ಜೀವ ಹೋಗುತ್ತದೆ. ಫ್ರಿಜ್ಜಿಗೂ ಎಸಿಗೂ 12 ಗೇಜಿನ ದಪ್ಪ ಎಕ್ಸ್‌ಟೆನ್ಶನ್ ತಂತಿ ನೇರ ಎಳೆದರೆ ಸಾಕು.

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ಬಾವಿ ಇಲ್ಲ ಎಂದು ಅಮ್ಮ ಕೊರಗಿದರೆ ವಾಟರ್ ಹೀಟರ್ ತೋರಿಸಿ, ತೊಟ್ಟಿಯ ನಮೂನೆಯದ್ದಾದರೆ ಅದರಲ್ಲಿ 40ರಿಂದ 50 ಗ್ಯಾಲನ್ ನೀರಿರುತ್ತದೆ. ಗ್ಯಾಸ್ ಅಥವಾ ಬ್ರೇಕರ್ ಆಫ್ ಮಾಡಿ, ನೀರು ತಣಿಯುವ ತನಕ ಕಾದು, ಒಳಬರುವ ನೀರಿನ ವಾಲ್ವ್ ಮುಚ್ಚಿ, ಮೇಲೆಲ್ಲಾದರೂ ಒಂದು ಬಿಸಿನೀರಿನ ನಲ್ಲಿ ತೆರೆದಿಟ್ಟು, ಬುಡದ ನಲ್ಲಿಯಿಂದ ಹಿಡಿಯಬೇಕು. ಮೇಲಿನ ನಲ್ಲಿ ತೆರೆಯದಿದ್ದರೆ ನೀರು ಇಳಿಯುವುದಿಲ್ಲ. ತೊಟ್ಟಿ ಪುನಃ ತುಂಬುವ ತನಕ ಹೀಟರ್ ಹೊತ್ತಿಸಬೇಡಿ. ಬಾತ್‌ಟಬ್ ತುಂಬಿಟ್ಟ ನೀರು ಟಾಯ್ಲೆಟ್ಟಿಗೆ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗ್ಯಾಸ್ ಒಲೆಯಾದರೆ ಬೆಂಕಿಕಡ್ಡಿಯಿಂದ ಹೊತ್ತಿಸಬಹುದು, ಗಂಜಿ ಆಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಇರಲಿ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ. ಅಪ್ಪನಿಗೆ ಇನ್ಸುಲಿನ್ ಇದ್ದರೆ ಕೂಲರಿನಲ್ಲಿ, ಮಂಜುಗಡ್ಡೆಗೆ ತಾಗದ ಹಾಗೆ ಬಟ್ಟೆ ಸುತ್ತಿಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕು. ಮನೆಯೊಳಗಿನ ತಾಪ 95 ಡಿಗ್ರಿ ಫ್ಯಾರನ್‌ಹೀಟ್ (35 ಸೆಲ್ಸಿಯಸ್) ದಾಟಿದರೆ ಫ್ಯಾನು ಮಾತ್ರ ಸಾಲದು. ಒದ್ದೆ ಬೈರಾಸು ಮೈಗೆ ಹಾಕಿ, ಲೈಬ್ರರಿಗೋ ಕರೆಂಟು ಬಂದ ಗೆಳೆಯರ ಮನೆಗೋ ಕರೆದುಕೊಂಡು ಹೋಗಿ. ಹಿರಿಯರು ಸಂಕೋಚದಿಂದ ಬೇಡ ಎನ್ನುತ್ತಾರೆ, ಕೇಳುತ್ತ ಕೂರಬೇಡಿ.

ಊರಿನಲ್ಲಿ ದಾರಿಗೆ ಮರ ಬಿದ್ದರೆ ಕರೆಯದೆಯೇ ನಾಲ್ಕು ಮನೆಯವರು ಕತ್ತಿ ಕೊಡಲಿ ಹಿಡಿದು ಬರುತ್ತಾರೆ. ಅದಕ್ಕೆ ಸಮನಾದದ್ದು ಇಲ್ಲಿ ತಾನಾಗಿ ಸಿಗುವುದಿಲ್ಲ, ಕಟ್ಟಿಕೊಳ್ಳಬೇಕು. ಅಕ್ಕಪಕ್ಕದ ಎರಡು ಮನೆಯವರ ಫೋನ್ ನಂಬರ್ ಈ ವಾರವೇ ತೆಗೆದುಕೊಳ್ಳಿ, ಯಾರಲ್ಲಿ ಗರಗಸ ಇದೆ, ಯಾರಲ್ಲಿ ಜನರೇಟರ್ ಇದೆ ಎಂದು ಗೊತ್ತಿರಲಿ. ಬಿದ್ದ ಕರೆಂಟು ತಂತಿಯಿಂದ 35 ಅಡಿ ದೂರ ಇರಿ. ನಿಮ್ಮ ಮನೆಗೆ ಕಂಬದಿಂದ ತಂತಿ ಬರುವುದಾದರೆ, ಆ ತಂತಿ ಒಳಗಿಳಿಯುವ ಗೋಡೆಯ ಮೇಲಿನ ಕೊಳವೆ ಮುರಿದರೆ ಅದು ಮನೆಯವರ ಜವಾಬ್ದಾರಿ. ನೀವು ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸುವ ತನಕ, ಇಡೀ ಬೀದಿಗೆ ಬೆಳಕು ಬಂದರೂ ನಿಮಗೆ ಸಂಪರ್ಕ ಕೊಡುವುದಿಲ್ಲ.

ದುಡ್ಡಿನ ಮಾತು. ಗಾಳಿಯ ಹಾನಿಗೆ ನಿಮ್ಮ ಕೈಯಿಂದ ಹೋಗುವ ಭಾಗ ಮನೆ ವಿಮೆಯ ಪಾಲಿಸಿಯಲ್ಲಿ ಶೇಕಡಾ ಲೆಕ್ಕದಲ್ಲಿರುತ್ತದೆ, ಅದು ಹಾನಿಯ ಶೇಕಡಾ ಅಲ್ಲ, ಮನೆಯ ವಿಮಾ ಮೊತ್ತದ್ದು. 4 ಲಕ್ಷ ಡಾಲರಿಗೆ 2 ಶೇಕಡಾ ಎಂದರೆ ಮೊದಲ 8,000 ಡಾಲರ್ ನಿಮ್ಮದೇ. ಎಚ್‌-1ಬಿ ಎಂಬ ಕೆಲಸದ ವೀಸಾದವರಿಗೆ ಫೆಮಾದ (ಇಲ್ಲಿಯ ಸರಕಾರದ ವಿಪತ್ತು ಪರಿಹಾರ ಸಂಸ್ಥೆ) ನಗದು ನೆರವು ಸಿಗುವುದಿಲ್ಲ, ಮನೆಯಲ್ಲಿ ಇಲ್ಲಿಯೇ ಹುಟ್ಟಿದ ಮಗು ಇದ್ದರೆ ಅದರ ಹೆಸರಿನಲ್ಲಿ ಅರ್ಜಿ ಹಾಕಬಹುದು. ಆಶ್ರಯ, ಊಟ, ನೀರು ಮಾತ್ರ ಯಾವ ವೀಸಾದವರಿಗೂ ಇದೆ. ಪಾಸ್‌ಪೋರ್ಟು, ವೀಸಾ ಕಾಗದ, ಅಪ್ಪ ಅಮ್ಮನ ಪ್ರಯಾಣ ವಿಮೆ ಒಂದೇ ನೀರು ಹೋಗದ ಚೀಲದಲ್ಲಿರಲಿ. ಪ್ರವಾಹದ ವಿಮೆ ಮನೆಯ ಪಾಲಿಸಿಯಲ್ಲಿ ಬರುವುದಿಲ್ಲ, ಬೇರೆಯೇ ಮಾಡಿಸಬೇಕು. ಸರಕಾರಿ ಯೋಜನೆಯದ್ದು ಸಾಮಾನ್ಯವಾಗಿ ಮಾಡಿಸಿದ 30 ದಿನಗಳ ಮೇಲಷ್ಟೇ ಜಾರಿಗೆ ಬರುತ್ತದೆ, ಆದ್ದರಿಂದ ಅಪ್ಪ ಅಮ್ಮನ ಟಿಕೆಟಿಗಿಂತ ಮೊದಲು ಏಜೆಂಟಿಗೆ ಫೋನ್ ಮಾಡಿ.