ಕಾರಂಜಿಗೆ ಮೊದಲು ಒಂದು ಲೆಕ್ಕದ ಪುಸ್ತಕ

ಬೆಂಗಳೂರಿನ ಹೊರವಲಯದ ಓದುಗರೊಬ್ಬರು ಬರೆದಿದ್ದಾರೆ. ತಮ್ಮ ಹೆಸರೂ ಕೆರೆಯ ಹೆಸರೂ ಬೇಡವೆಂದಿದ್ದಾರೆ: “ಎರಡು ವರ್ಷದಿಂದ ಪ್ರತಿ ಭಾನುವಾರ ಇಪ್ಪತ್ತು ಮೂವತ್ತು ಜನ ಸೇರಿ ಕೆರೆಯ ದಡದ ಪ್ಲಾಸ್ಟಿಕ್ ಹೆಕ್ಕುತ್ತಿದ್ದೇವೆ. ದಡ ಚೊಕ್ಕಟವಾಯಿತು, ನೀರು ಮಾತ್ರ ಹಸಿರು ಬಣ್ಣ ಕದಡಿದ ಹಾಗೇ ಇದೆ. ಈ ಬೇಸಿಗೆಯ ಮೊದಲ ಮಳೆಗೆ ಮೀನು ಸತ್ತು ತೇಲಿದವು. ಬಡಾವಣೆಯ ಸಂಘದವರು ಚಂದಾ ಎತ್ತಿ ಎರಡು ಕಾರಂಜಿ ಹಾಕಿಸಲು ಹೊರಟಿದ್ದಾರೆ. ನಮ್ಮ ಗುಂಪಿನ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಅದೇ ದುಡ್ಡಿನಲ್ಲಿ ನೀರು ಪರೀಕ್ಷಿಸುವ ಸಾಮಾನು ತರೋಣವೆಂದು ಹಟ ಹಿಡಿದಿದ್ದಾರೆ. ಅಳೆದರೆ ನೀರು ಶುದ್ಧವಾಗುತ್ತದೆಯೇ? ಅದು ಸರ್ಕಾರದ ಕೆಲಸವಲ್ಲವೇ?”

ನಿಮ್ಮ ಮೇಷ್ಟ್ರ ಹಟಕ್ಕೆ ನಮ್ಮ ಪೂರ್ತಿ ಬೆಂಬಲವಿದೆ. ಭಾನುವಾರದ ನಿಮ್ಮ ದುಡಿಮೆ ಸಣ್ಣದೆಂದು ಇದರರ್ಥವಲ್ಲ. ಪ್ಲಾಸ್ಟಿಕ್ ತೂಬಿಗೆ ಸಿಕ್ಕಿಕೊಳ್ಳುತ್ತದೆ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ದನದ ಹೊಟ್ಟೆ ಸೇರುತ್ತದೆ; ಅದನ್ನು ತೆಗೆಯಲೇಬೇಕು. ಕಾರಂಜಿಯೂ ಮೀನು ಬಾಯಿ ಬಿಟ್ಟುಕೊಂಡು ಮೇಲೆ ಬರುವ ರಾತ್ರಿಗಳಲ್ಲಿ ಒಂದಿಷ್ಟನ್ನು ಉಳಿಸೀತು. ಇಷ್ಟು ಒಪ್ಪಿಕೊಂಡು ಮುಂದೆ ಹೋಗೋಣ. ದಡದ ಕಸದಿಂದ ನಿಮ್ಮ ಕೆರೆ ಹಸಿರಾಗಿಲ್ಲ. ಹಸಿರಾಗಿಸುವುದು ರಂಜಕ, ಅಂದರೆ ಫಾಸ್ಫರಸ್. ಅದು ಕಣ್ಣಿಗೆ ಬೀಳುವುದಿಲ್ಲ, ಗೋಣಿಚೀಲಕ್ಕೂ ಸಿಗುವುದಿಲ್ಲ.

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಪ್ರಯೋಗಕ್ಕೆಂದೇ ಬಿಟ್ಟ ಕೆರೆಗಳಿವೆ. ಅದರಲ್ಲಿ 226ನೇ ನಂಬರಿನ ಕೆರೆಯನ್ನು 1973ರಲ್ಲಿ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಮಾತ್ರ ಪಾಚಿಗಟ್ಟಿತು. ಒಂದು ಕಿಲೋ ರಂಜಕ 500 ಕಿಲೋವರೆಗೆ ಹಸಿ ಪಾಚಿಯನ್ನು ಬೆಳೆಸಬಲ್ಲದು. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಒಂದು ಗ್ರಾಮಿಗೂ ಮಿಕ್ಕಿ ರಂಜಕವಿರುತ್ತದೆ, ಡಿಟರ್ಜೆಂಟಿನದು ಬೇರೆ. 200 ಮನೆಗಳ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಕಾಲುವೆಗೆ ಸೇರಿತೆಂದರೆ ದಿನಕ್ಕೆ ಒಂದು ಕಿಲೋ ಬಂತು ಎಂದೇ ಲೆಕ್ಕ.

ಈಗ ಕಾರಂಜಿಯ ಲೆಕ್ಕ. ಮಳೆಯಿಲ್ಲದ ಒಂದು ಬೆಳಿಗ್ಗೆ ಟೇಪು, ಗಡಿಯಾರ, ಅರ್ಧ ನೀರು ತುಂಬಿದ ಒಂದು ಸಣ್ಣ ಬಾಟಲಿ ಹಿಡಿದು ಕೆರೆಗೆ ಬರುವ ರಾಜಕಾಲುವೆಗೆ ಹೋಗಿ. ನೇರವಾಗಿರುವ ಕಡೆ 10 ಮೀಟರ್ ಗುರುತು ಹಾಕಿ ಬಾಟಲಿಯನ್ನು ತೇಲಿಬಿಡಿ. (ಖಾಲಿ ಬಾಟಲಿಯನ್ನು ಗಾಳಿ ತಳ್ಳಿಬಿಡುತ್ತದೆ, ಅದಕ್ಕೇ ಅರ್ಧ ನೀರು.) ಹರಿವು 1 ಮೀಟರ್ ಅಗಲ, 20 ಸೆಂಟಿಮೀಟರ್ ಆಳವಿದ್ದು ಬಾಟಲಿ 20 ಸೆಕೆಂಡಿನಲ್ಲಿ ಗುರುತು ದಾಟಿತು ಎನ್ನಿ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಅಗಲ, ಆಳ, ವೇಗ ಮೂರನ್ನೂ ಗುಣಿಸಿ ಬಂದದ್ದನ್ನು ಮತ್ತೆ 0.85ರಿಂದ ಗುಣಿಸಬೇಕು. ಸೆಕೆಂಡಿಗೆ 85 ಲೀಟರ್, ದಿನಕ್ಕೆ ಸುಮಾರು 73 ಲಕ್ಷ ಲೀಟರ್. ಮಳೆಯಿಲ್ಲದ ದಿನ ಕಾಲುವೆಯಲ್ಲಿ ಹರಿಯುವುದು ಬಹುಪಾಲು ಕೊಳಚೆಯೇ. ಮನೆಗಳ ಕೊಳಚೆಯ ಬಿಓಡಿ, ಅಂದರೆ ಅದು ಕೊಳೆಯಲು ಬೇಕಾಗುವ ಆಮ್ಲಜನಕ, ಲೀಟರಿಗೆ 250 ಮಿಲಿಗ್ರಾಮಿನ ಆಸುಪಾಸು ಇರುತ್ತದೆ. ಅಂದರೆ ದಿನಕ್ಕೆ 1,800 ಕಿಲೋ ಆಮ್ಲಜನಕ ಬೇಕು. ಯಂತ್ರಗಳು ನೀರಿಗೆ ಆಮ್ಲಜನಕ ಸೇರಿಸುವುದು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋ. 5 ಎಚ್‌ಪಿ ಕಾರಂಜಿ ಇಪ್ಪತ್ತನಾಲ್ಕು ಗಂಟೆ ಓಡಿದರೂ 90 ಯೂನಿಟ್, 90 ಕಿಲೋ. ಇಂಥ ಕಾಲುವೆಗೆ ಇಪ್ಪತ್ತು ಕಾರಂಜಿ ಬೇಕಾಯಿತು. ನಿಮ್ಮ ಸಂಘ ಹಾಕಿಸುವುದು ಎರಡು. ಇಪ್ಪತ್ತನ್ನೇ ಹಾಕಿದರೂ ರಂಜಕ ಒಂದು ಗ್ರಾಂ ಕಡಿಮೆಯಾಗದು. ಡ್ರಮ್ಮಿನಲ್ಲಿ ಮಾರುವ ಸೂಕ್ಷ್ಮಾಣು ದ್ರಾವಣದ ಕಥೆಯೂ ಇದೇ. ಕೊಳೆಯುವುದನ್ನು ಅದು ಚುರುಕುಗೊಳಿಸೀತು, ರಂಜಕವನ್ನು ಎಲ್ಲಿಗೂ ಸಾಗಿಸುವುದಿಲ್ಲ. ರಂಜಕ ಕೆರೆಯಿಂದ ಆಚೆ ಹೋಗುವುದು ಕೋಡಿ ನೀರಿನ ಜೊತೆ, ಕಿತ್ತು ಸಾಗಿಸಿದ ಗಿಡದ ಜೊತೆ, ಹಿಡಿದ ಮೀನಿನ ಜೊತೆ, ಎತ್ತಿದ ಹೂಳಿನ ಜೊತೆ ಮಾತ್ರ.

ಸಂಘ ಹಾಕಿಸಿಯೇ ತೀರುತ್ತದೆಂದಾದರೆ ನಡುರಾತ್ರಿಯಿಂದ ಸೂರ್ಯೋದಯದವರೆಗೆ ಓಡಿಸಲು ಹೇಳಿ. ಮಧ್ಯಾಹ್ನ ಪಾಚಿಯೇ ಆಮ್ಲಜನಕ ಬಿಡುತ್ತಿರುತ್ತದೆ. ಆಗ ನೀರನ್ನು ಎರಚಿದರೆ ಇದ್ದದ್ದೂ ಗಾಳಿಗೆ ಹಾರುತ್ತದೆ. ಸಂಜೆ ದೀಪ ಹಾಕಿ ಎರಡು ಗಂಟೆ ಕುಣಿಸುವ ಕಾರಂಜಿಯಿಂದ ಮೀನಿಗೆ ಏನೂ ಸಿಗದು.

ಮೀನಿನ ಸಾವು ಅರ್ಥವಾಗಬೇಕಾದರೂ ಈ ಹಗಲು-ರಾತ್ರಿಯ ಏರಿಳಿತ ತಿಳಿದಿರಬೇಕು. ಪಾಚಿಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಲೀಟರಿಗೆ 14 ಮಿಲಿಗ್ರಾಂ ಆಮ್ಲಜನಕ ತೋರಿಸುವ ನೀರು ಬೆಳಗಿನ ಐದೂವರೆಗೆ 1 ತೋರಿಸಬಹುದು. ರಾತ್ರಿ ಪಾಚಿಯೂ ಉಸಿರಾಡುತ್ತದಲ್ಲ! 4ಕ್ಕಿಂತ ಮೇಲಿದ್ದರೆ ಮೀನು ನೆಮ್ಮದಿಯಾಗಿರುತ್ತದೆ, 2ಕ್ಕಿಂತ ಕೆಳಗಿಳಿದರೆ ಸಾಯತೊಡಗುತ್ತದೆ. ಬೇಸಿಗೆಯ ಮೊದಲ ಮಳೆ ತಿಂಗಳುಗಟ್ಟಲೆ ಕಾಲುವೆಯಲ್ಲಿ ಕೂತ ಗಲೀಜನ್ನು ಒಮ್ಮೆಗೇ ತಂದು ಸುರಿಯುತ್ತದೆ, ತಳದ ಹೂಳನ್ನು ಕಲಕುತ್ತದೆ, ಮೇಲೆ ಮೋಡ ಕವಿದು ಪಾಚಿಗೆ ಬಿಸಿಲೂ ಇಲ್ಲ. ಮೂರೂ ಕೂಡಿಬಂದ ರಾತ್ರಿ ಮೀನು ಉಳಿಯುವುದಿಲ್ಲ. ಅಮೋನಿಯ ಇನ್ನೊಂದು ಕಡೆಯಿಂದ ಹೊಡೆಯುತ್ತದೆ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 7.5 ಇದ್ದಾಗ ಅದರಲ್ಲಿ ವಿಷದ ಪಾಲು ನೂರಕ್ಕೆ ಎರಡರಷ್ಟು. ಪಾಚಿ ದೆಸೆಯಿಂದ ಪಿಎಚ್ 9ಕ್ಕೇರಿದರೆ ಮೂರರಲ್ಲಿ ಒಂದು ಪಾಲು. ಅದಕ್ಕೇ ಅಮೋನಿಯ ನೋಡಿದ ಹೊತ್ತಿಗೇ ಪಿಎಚ್ ಕೂಡ ಬರೆಯಬೇಕು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗ ಊರೆಲ್ಲ ಬಂದು ಫೋಟೊ ತೆಗೆಯಿತು. ಸತ್ತ ಮೀನಿನ ಫೋಟೊ ಹಿಂದಿನ ರಾತ್ರಿಯ ಆಮ್ಲಜನಕ ಎಷ್ಟಿತ್ತೆಂದು ಹೇಳುವುದಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಮೊದಲಿಗೆ ಕಾಸು ಖರ್ಚಿಲ್ಲದ್ದು: ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಸೆಕ್ಕಿ ತಟ್ಟೆ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದಲ್ಲಿ ಇಳಿಬಿಟ್ಟ ಬಿಳಿ ತಟ್ಟೆಯ ಕೆರೆ ರೂಪ ಇದು. 20 ಸೆಂಟಿಮೀಟರ್ ಅಗಲದ ತಗಡಿನ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಳಿಯಿರಿ, ಕೆಳಗೆ ಅರ್ಧ ಕಿಲೋ ತೂಕ ಕಟ್ಟಿ. ನೈಲಾನ್ ಹಗ್ಗ ಬೇಡ, ನೆನೆದರೆ ಹಿಗ್ಗುತ್ತದೆ. ಫೈಬರ್ ಅಳತೆಪಟ್ಟಿಯನ್ನೇ ಕಟ್ಟಿ. ದೋಣಿಯ ನೆರಳಿನ ಪಕ್ಕದಲ್ಲಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಇಳಿಸಿ. ಕಾಣದಾದ ಆಳ, ಮೇಲೆತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆಯಿರಿ. ತಂಪು ಕನ್ನಡಕ ತೆಗೆದಿಡಿ. ತಟ್ಟೆ ತಳ ಮುಟ್ಟಿಯೂ ಕಾಣುತ್ತಿದ್ದರೆ “ತಳ ಕಂಡಿತು” ಎಂದು ಬರೆಯಿರಿ, ಆಳವನ್ನು ಊಹಿಸಬೇಡಿ.

ಆಮ್ಲಜನಕಕ್ಕೆ ಮೇಷ್ಟ್ರಿಗೆ ಗೊತ್ತಿರುವ ವಿಂಕ್ಲರ್ ವಿಧಾನವೇ ಸಾಕು. 300 ಮಿಲಿಲೀಟರಿನ ಬಿಓಡಿ ಬಾಟಲಿಯನ್ನು ಒಂದಡಿ ಆಳದಲ್ಲಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಗುಳ್ಳೆ ಉಳಿದರೆ ನೀವು ಅಳೆಯುವುದು ಗಾಳಿಯನ್ನು. ಪಿಪೆಟ್ಟಿನ ತುದಿ ನೀರಿನೊಳಗೇ ಇಟ್ಟು 2 ಮಿಲೀ ಮ್ಯಾಂಗನೀಸ್ ಸಲ್ಫೇಟ್, 2 ಮಿಲೀ ಕ್ಷಾರೀಯ ಅಯೊಡೈಡ್-ಅಜೈಡ್ ಬಿಡಿ. ಕಂದು ಗಷ್ಟು ಇಳಿದರೆ ಆಮ್ಲಜನಕವಿದೆ, ಬಿಳಿ ಇಳಿದರೆ ಇಲ್ಲ. ದಡದಲ್ಲೇ ಅರ್ಧ ಉತ್ತರ ಸಿಕ್ಕಿತು. ಆಮೇಲೆ 2 ಮಿಲೀ ಗಂಧಕಾಮ್ಲ ಹಾಕಿ ಗಷ್ಟು ಕರಗಿಸಿ, ಅದರಲ್ಲಿ 200 ಮಿಲೀ ತೆಗೆದು ಪಿಷ್ಟದ ನೀಲಿ ಹೋಗುವವರೆಗೆ 0.025 ನಾರ್ಮಲ್ ಥಯೊಸಲ್ಫೇಟ್ ಬಿಟ್ಟರೆ, ಖರ್ಚಾದ ಮಿಲಿಲೀಟರೇ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಉತ್ತರ. ಇಲ್ಲಿ ಕೈಕೊಡುವುದು ಹಳೆಯ ಥಯೊಸಲ್ಫೇಟ್ ಮತ್ತು ಹಳಸಿದ ಪಿಷ್ಟ. ಮೊದಲನೆಯದನ್ನು ಡೈಕ್ರೊಮೇಟಿನ ಎದುರು ಆಗಾಗ ತಾಳೆ ನೋಡಿ, ಎರಡನೆಯದನ್ನು ಹೊಸದಾಗಿ ಮಾಡಿಕೊಳ್ಳಿ. ಪಿಎಚ್ ಮೀಟರನ್ನು 7 ಮತ್ತು 9.2ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಪ್ರತಿಸಲವೂ ಸರಿಪಡಿಸಬೇಕು. ಅಮೋನಿಯ, ಫಾಸ್ಫೇಟಿಗೆ ಬಣ್ಣ ಹೋಲಿಸುವ ಕಿಟ್ ಸಾಕು, ಡಬ್ಬಿಯ ಮೇಲಿನ ತಾರೀಕು ನೋಡಿ ಕೊಳ್ಳಿ.

ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಜಾಗ ಮತ್ತು ಹೊತ್ತು. ಒಂದು ವಾರ ಕಾಲುವೆ ಬಾಯಲ್ಲಿ, ಇನ್ನೊಂದು ವಾರ ದೋಣಿ ಸಿಕ್ಕ ಕಡೆ, ಒಮ್ಮೆ ಬೆಳಿಗ್ಗೆ ಆರಕ್ಕೆ, ಒಮ್ಮೆ ತಿಂಡಿ ಮುಗಿಸಿ ಹತ್ತಕ್ಕೆ ತೆಗೆದ ಅಂಕಿಗಳು ಒಂದರ ಪಕ್ಕ ಒಂದು ಕೂರುವುದಿಲ್ಲ. ಕಾಲುವೆ ಬಾಯಿ, ಕೆರೆಯ ನಡು, ಕೋಡಿ ಈ ಮೂರೇ ಜಾಗ ಇಟ್ಟುಕೊಳ್ಳಿ, ಏರಿಯ ಕಲ್ಲಿಗೆ ಬಣ್ಣ ಬಳಿದು ಗುರುತು ಮಾಡಿ. ಆಮ್ಲಜನಕಕ್ಕೆ ಬೆಳಗಿನ ಐದೂವರೆ, ಅದರಲ್ಲಿ ರಿಯಾಯಿತಿ ಇಲ್ಲ. ನೀರು ಚೆನ್ನಾಗಿರುವ ವಾರವೂ ಬರೆಯಬೇಕು. ಕೆಟ್ಟಾಗ ಮಾತ್ರ ಬರೆದ ಪುಸ್ತಕವನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ.

“ಸರ್ಕಾರದ ಕೆಲಸವಲ್ಲವೇ” ಎಂದಿರಿ. ಈ ಒಂದು ವಾಕ್ಯಕ್ಕೆ ನಿಮ್ಮನ್ನು ಸ್ವಲ್ಪ ಗದರಬೇಕು. ಹೌದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರಿನ ಕೆರೆಗಳ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಗುಣಮಟ್ಟದ ವರ್ಗ ಹಚ್ಚುತ್ತದೆ. ಎರಡು ವರ್ಷ ಕೆರೆ ಕಾದ ನಿಮ್ಮ ಗುಂಪು ಆ ಹಾಳೆಯನ್ನು ಒಮ್ಮೆಯಾದರೂ ತೆಗೆದು ನೋಡಿದೆಯೇ? ತಿಂಗಳಿಗೊಮ್ಮೆ ಬರುವ ಕೈಗೆ ಐದೂವರೆಯ ಕೆರೆ ಸಿಗುವುದಿಲ್ಲ, ಮೊದಲ ಮಳೆಯ ರಾತ್ರಿಯೂ ಸಿಗುವುದಿಲ್ಲ. ಅದು ಸಿಗುವುದು ಪಕ್ಕದಲ್ಲಿ ಮನೆಯಿರುವ ನಿಮಗೆ. ಅಮೆರಿಕದ ಮಿನೆಸೋಟಾದಲ್ಲಿ ಸಾಮಾನ್ಯ ಜನ ಸೆಕ್ಕಿ ತಟ್ಟೆ ಹಿಡಿದು ಕೆರೆ ಅಳೆಯತೊಡಗಿದ್ದು 1973ರಲ್ಲಿ. ಸಿಯಾಟಲ್‌ನ ವಾಷಿಂಗ್ಟನ್ ಸರೋವರದ ಹಸಿರನ್ನು ಎಡ್ಮಂಡ್‌ಸನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಅಳೆದರು; 1958ರಲ್ಲಿ ಊರಿನ ಜನ ಕೊಳಚೆ ತಿರುಗಿಸುವ ವ್ಯವಸ್ಥೆಗೆ ಓಟು ಹಾಕಿ ಒಪ್ಪಿದರು, 1963ರಿಂದ 68ರೊಳಗೆ ಕೊಳಚೆ ತಿರುಗಿತು, ಸರೋವರ ತಿಳಿಯಾಯಿತು. ದೂರದ ಮಾತು ಯಾಕೆ, ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಹಾಕಿಸಿದ ಕೆರೆ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಅಂಗ ಹೇಳುತ್ತದೆ. ಅದರಲ್ಲಿ ಒಂದು, ನೀರಿನ ಶಾಸ್ತ್ರ ಬಲ್ಲವನು. ನಿಮ್ಮ ಗುಂಪಿನಲ್ಲಿ ಆ ಅಂಗ ಆಗಲೇ ಇದೆ.

ಅಳೆದರೆ ನೀರು ಶುದ್ಧವಾಗದು, ಸರಿ. ಆದರೆ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ. ಕಾಲುವೆಯ ಹರಿವನ್ನು ಗಂಟೆಗೊಮ್ಮೆ ಬರೆದು ನೋಡಿ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಉಬ್ಬಿ ಮಧ್ಯಾಹ್ನ ಇಳಿದರೆ ಅದು ಮನೆಗಳ ಸ್ನಾನ, ಶೌಚದ ನೀರು. ಹಾಗೇ ಮೇಲಕ್ಕೆ ನಡೆದು ಪ್ರತಿ ಕವಲಿನಲ್ಲೂ ಅಮೋನಿಯ ನೋಡುತ್ತ ಹೋದರೆ ಯಾವ ಮ್ಯಾನ್‌ಹೋಲ್ ಉಕ್ಕುತ್ತಿದೆ, ಯಾವ ಪೈಪು ಒಳಗಿಳಿದಿದೆ ಎಂದು ಎರಡು ಭಾನುವಾರದಲ್ಲಿ ಗೊತ್ತಾಗುತ್ತದೆ. ಜಕ್ಕೂರಿನಲ್ಲಿ ಮೇಲುಗಡೆ ಸಂಸ್ಕರಣಾ ಘಟಕ, ಅದರ ಕೆಳಗೆ ಜೊಂಡು ಬೆಳೆದ ಜೌಗು, ಆಮೇಲೆ ಕೆರೆ. ನೀರು ಗಿಡಗಳ ನಡುವೆ ನಿಧಾನವಾಗಿ ಸಾಗಿ ಬರುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದವರೇ ಟ್ರಸ್ಟ್ ಕಟ್ಟಿಕೊಂಡು 2010ರಿಂದ ನೋಡಿಕೊಳ್ಳುತ್ತಿದ್ದಾರೆ. ನೀವು ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ ತೆಗೆಯುತ್ತೀರಾದರೆ ದಡದಲ್ಲಿ ರಾಶಿ ಹಾಕಬೇಡಿ, ಕೊಳೆತ ರಸ ಮಳೆಗೆ ವಾಪಸು ಇಳಿಯುತ್ತದೆ. ಕೆರೆಯ ಇಳಿಜಾರಿನಾಚೆ ಸಾಗಿಸಿ ಗೊಬ್ಬರ ಮಾಡಿ. ಜೊಂಡನ್ನು ವರ್ಷಕ್ಕೊಮ್ಮೆ ಕೊಯ್ಯಿರಿ. ಮೀನಿಗೆ ಬ್ರೆಡ್ಡು, ಅನ್ನ ಹಾಕುವವರನ್ನು ಪ್ರೀತಿಯಿಂದ ತಡೆಯಿರಿ, ಅದೂ ರಂಜಕವೇ.

ಈ ಸಂದರ್ಭಕ್ಕೆ ಒಂದು ಮಾತು ಹೇಳದೆ ಇರಲಾಗುತ್ತಿಲ್ಲ. ಈಗ ಕೆರೆ ಅಭಿವೃದ್ಧಿ ಎಂದರೆ ಹೂಳೆತ್ತಿ ಬೋಗುಣಿಯ ಹಾಗೆ ಕಡಿದಾಗಿ ಅಗೆಯುವುದು, ಸುತ್ತ ಟೈಲ್ಸ್ ಹಾಸಿದ ನಡಿಗೆ ದಾರಿ, ತಂತಿ ಬೇಲಿ, ಬೆಂಚು, ಕಮಾನು. ದಂಡೆಯ ಆಳವಿಲ್ಲದ ನೀರಿನಲ್ಲಿ ಜೊಂಡು ಬೆಳೆಯುತ್ತಿತ್ತು, ಕಾಲುದ್ದದ ಹಕ್ಕಿ ನಿಲ್ಲುತ್ತಿತ್ತು. ಆ ಜಾಗವೇ ಮಾಯ. ಕೊಳಚೆಯನ್ನು ಕೆರೆಯ ಪಕ್ಕದಿಂದ ಕಾಲುವೆ ತೋಡಿ ದಾಟಿಸುತ್ತಾರೆ. ನಮ್ಮ ಕೆರೆ ಉಳಿಯಿತು, ಆ ಕೊಳಚೆ ಕೆಳಗಿನ ಕೆರೆಗೆ ಹೋಯಿತು. ಹೀಗೆ ಮೇಲಿನವರೆಲ್ಲ ದಾಟಿಸಿದ್ದು ಬೆಳ್ಳಂದೂರಿನಲ್ಲಿ ನೊರೆಯಾಗಿ ಎದ್ದಿತು, 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿಯಾಗಿ ಕಂಡಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರಕ್ಕೆ ಹರಿಸಿದ 2018ರಲ್ಲೇ ಅಲ್ಲಿನ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಕಂಡು ರೈತರು ಹೆದರಿದರು. ಕೆರೆಗಳು ಸರಪಳಿಯಂತೆ ಒಂದರ ಕೋಡಿ ಇನ್ನೊಂದರ ಕಾಲುವೆ ಎಂಬುದನ್ನು ಹಳ್ಳಿಯ ನೀರುಗಂಟಿ ಬಲ್ಲವನಾಗಿದ್ದ. ತೂಬಿನ ಯಾವ ಕಲ್ಲಿನವರೆಗೆ ನೀರಿದ್ದರೆ ಎಷ್ಟು ಗದ್ದೆಗೆ ಸಾಕು ಎಂದು ಅವನಿಗೆ ಗೊತ್ತಿತ್ತು. ಅವನ ಕೆಲಸ ಹೋಯಿತು, ಕಾವಲುಗಾರನ ಕೆಲಸ ಬಂತು. ಗೇಟು ಎಷ್ಟಕ್ಕೆ ಮುಚ್ಚಬೇಕೆಂದು ಬೋರ್ಡಿದೆ, ಇವತ್ತಿನ ನೀರು ಹೇಗಿದೆ ಎಂಬ ಬೋರ್ಡು ಇಲ್ಲ. ಇದು ನಮ್ಮನ್ನು ನಿಜಕ್ಕೂ ನೋಯಿಸುತ್ತದೆ.

ಕೊನೆಗೆ ಜೋಪಾನದ ಮಾತು. ದೋಣಿಗೆ ಒಬ್ಬರೇ ಇಳಿಯಬೇಡಿ, ಲೈಫ್ ಜಾಕೆಟ್ ಹಾಕಿ. ಕಾಲುವೆ ನೀರಿಗೆ ಕೈಗವಸು, ಗಮ್‌ಬೂಟು ಇಲ್ಲದೆ ಕೈಕಾಲು ಹಾಕಬೇಡಿ, ಇಲಿಜ್ವರ ಅಲ್ಲೇ ಕಾದಿರುತ್ತದೆ. ಅಜೈಡ್ ವಿಷ, ಗಂಧಕಾಮ್ಲ ಸುಡುತ್ತದೆ. ಅವನ್ನು ಮಕ್ಕಳ ಕೈಗೆ ಕೊಡಬೇಡಿ, ತಟ್ಟೆ ಇಳಿಸುವ ಕೆಲಸ ಮಕ್ಕಳಿಗೆ ಕೊಡಿ. ಪರೀಕ್ಷೆ ಮುಗಿದ ದ್ರಾವಣವನ್ನು ಕೆರೆಗೆ ಚೆಲ್ಲದೆ ಮುಚ್ಚಳದ ಕ್ಯಾನಿನಲ್ಲಿ ಕೂಡಿಟ್ಟು ಯಾವುದಾದರೂ ಕಾಲೇಜಿನ ಪ್ರಯೋಗಾಲಯಕ್ಕೆ ಒಪ್ಪಿಸಿ. ಮೇಷ್ಟ್ರಿಗೆ ನಮ್ಮ ನಮಸ್ಕಾರ ತಿಳಿಸಿ. ಮುಂದಿನ ಮುಂಗಾರಿನ ಹೊತ್ತಿಗೆ ನಿಮ್ಮ ಪುಸ್ತಕದ ಮೊದಲ ಪುಟಗಳನ್ನು ಕಳಿಸಿದರೆ ಅಂಕಿಗಳನ್ನು ಇದ್ದಂತೆಯೇ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಆಗ ಕೆರೆಯ ಹೆಸರನ್ನೂ ಹಾಕಲು ಒಪ್ಪಿಗೆ ಕೊಡಿ.

– ಸಂಪಾದಕ