ವಾಟ್ ಏರಿಸುವ ಮೊದಲು ಅಂಟೆನಾ ಏರಿಸಿ

ಪ್ರಶ್ನೆ: ನಮ್ಮ ಆಫ್‌ರೋಡ್ ಕ್ಲಬ್ಬಿನಲ್ಲಿ ಹನ್ನೆರಡು ಗಾಡಿಗಳಿವೆ. ಎಲ್ಲರ ಹತ್ತಿರವೂ 5 ವಾಟ್‌ನ ವಾಕಿಟಾಕಿ ಇದೆ. ಆದರೂ ಒಂದು ತಿರುವು ದಾಟಿದರೆ ಸಾಕು, ಹಿಂದಿನವರ ಮಾತು ಕೇಳಿಸುವುದಿಲ್ಲ. 50 ವಾಟ್‌ನ ಸೆಟ್ ಹಾಕಿಸಿದರೆ ಸರಿಹೋದೀತೇ?

ಉತ್ತರ: ಸರಿಹೋದರೂ ಅದು ವಾಟ್‌ನ ಪುಣ್ಯವಲ್ಲ, ಅದರ ಜೊತೆ ಛಾವಣಿ ಏರುವ ಅಂಟೆನಾದ್ದು. ಈಗ ನೀವು ತಗಡಿನ ಡಬ್ಬಿಯೊಳಗೆ ಕುಳಿತು ಗಿಡ್ಡ ರಬ್ಬರ್ ಅಂಟೆನಾದಲ್ಲಿ ಮಾತಾಡುತ್ತಿದ್ದೀರಿ. ಇಂಥ ಸೆಟ್‌ಗಳು ಬಳಸುವ ವಿಎಚ್‌ಎಫ್, ಯುಎಚ್‌ಎಫ್ ಎಂಬ ಎರಡು ಬ್ಯಾಂಡ್‌ಗಳ ರೇಡಿಯೊ ಅಲೆಗಳು ಹೆಚ್ಚುಕಡಿಮೆ ಕಣ್ಣಳತೆಯ ನೇರಕ್ಕೇ ಹೋಗುವಂಥವು. ಬಟ್ಟಬಯಲಲ್ಲಿ ಎರಡೂ ಅಂಟೆನಾ ನೆಲದಿಂದ 2 ಮೀಟರ್ ಮೇಲಿದ್ದರೆ ರೇಡಿಯೊ ದಿಗಂತ, ಅಂದರೆ ಅಲೆ ಅಡ್ಡಿಯಿಲ್ಲದೆ ಮುಟ್ಟಬಲ್ಲ ದೂರ, ಸುಮಾರು 11–12 ಕಿ.ಮೀ.; ಒಂದು ಗಾಡಿ 100 ಮೀಟರ್ ಎತ್ತರದ ದಿಬ್ಬ ಹತ್ತಿದರೆ ಅದೇ 45 ಕಿ.ಮೀ. ಮೀರುತ್ತದೆ. ನಡುವೆ ಗುಡ್ಡ ಅಡ್ಡ ಬಂದರೆ ಮಾತ್ರ 50 ವಾಟ್ ಕೂಡ ಕೈಚೆಲ್ಲುತ್ತದೆ. ಕಣಿವೆ ಇಳಿಯುವಾಗ ಒಂದು ಗಾಡಿಯನ್ನು ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಿ, ಅದರ ಮೂಲಕ ಮಾತು ದಾಟಿಸಿ.

ಕಾಲು ಅಲೆಯ (ಅಲೆಯ ಉದ್ದದ ನಾಲ್ಕನೇ ಒಂದರಷ್ಟಿರುವ) ಅಂಟೆನಾ ವಿಎಚ್‌ಎಫ್‌ನ 146 ಮೆಗಾಹರ್ಟ್ಸ್‌ಗೆ ಸುಮಾರು 51 ಸೆಂ.ಮೀ., ಯುಎಚ್‌ಎಫ್‌ನ 460ಕ್ಕೆ ಸುಮಾರು 16 ಸೆಂ.ಮೀ. ಅದಕ್ಕೆ ಛಾವಣಿಯ ಲೋಹವೇ ಇನ್ನರ್ಧ ಅಂಟೆನಾ ಇದ್ದಂತೆ. ಆದ್ದರಿಂದ ಛಾವಣಿಯ ನಟ್ಟನಡುವೆ ಕೂರಿಸಿ. ಬಂಪರ್‌ಗೆ ಬಿಗಿದರೆ ನೋಡಲು ಗತ್ತಿರುತ್ತದೆ, ಆದರೆ ಗಾಡಿಯ ಮೈ ಒಂದು ದಿಕ್ಕನ್ನೇ ನುಂಗುತ್ತದೆ. ಕೇಬಲ್ ಬೇಕಾದಷ್ಟೇ ಇರಲಿ: 5 ಮೀಟರ್ ಆರ್‌ಜಿ-58 (ತೆಳು ಅಂಟೆನಾ ಕೇಬಲ್) ಯುಎಚ್‌ಎಫ್‌ನಲ್ಲಿ ನಿಮ್ಮ ಶಕ್ತಿಯ ಹತ್ತಿರಹತ್ತಿರ ಮೂರನೇ ಒಂದು ಪಾಲನ್ನು ತಿಂದುಬಿಡುತ್ತದೆ. ಜೋಡಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್‌ನಲ್ಲಿ ನೋಡಿ; ಕಳಿಸಿದ ಶಕ್ತಿ ಅಂಟೆನಾದಿಂದ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಅದು ತೋರಿಸುತ್ತದೆ. 1.5ರೊಳಗಿದ್ದರೆ ಚೆನ್ನ, 2ರವರೆಗೆ ನಡೆದೀತು. 3 ದಾಟಿದರೆ ಮೊದಲು ಪ್ಲಗ್‌ನ ಬೆಸುಗೆಯನ್ನೇ ಅನುಮಾನಿಸಿ. ಹೊರಜಾಲರಿಯ ಒಂದೇ ಎಳೆ ನಡುತಂತಿಗೆ ತಾಕಿದರೂ ಸಾಕು. ಅಂಟೆನಾ ಇಲ್ಲದೆ ಪಿಟಿಟಿ (ಮಾತಾಡಲು ಒತ್ತಿ ಹಿಡಿಯುವ) ಗುಂಡಿ ಒತ್ತಲೇಬೇಡಿ, ಸೆಟ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು.

ಪ್ರಶ್ನೆ: ಲೈಸೆನ್ಸ್ ಬೇಕೇ?

ಉತ್ತರ: ಬ್ಯಾಂಡ್ ಮತ್ತು ದೇಶ ನೋಡಿ ಹೇಳಬೇಕು. ಯೂರೋಪಿನಲ್ಲಿ ಸಾರ್ವಜನಿಕರ ವಾಕಿಟಾಕಿ ಬ್ಯಾಂಡ್ ಆದ ಪಿಎಂಆರ್ 446ಕ್ಕೆ ಲೈಸೆನ್ಸ್ ಬೇಡ, ಆದರೆ ಮಿತಿ ಅರ್ಧ ವಾಟ್, ಅಂಟೆನಾ ಬದಲಿಸುವಂತೆಯೂ ಇಲ್ಲ. ಅಮೆರಿಕದಲ್ಲಿ ಅಂಥದ್ದೇ ಆದ ಜಿಎಂಆರ್‌ಎಸ್‌ನಲ್ಲಿ ಕೆಲವು ಚಾನಲ್‌ಗಳಲ್ಲಿ 50 ವಾಟ್‌ವರೆಗೆ ಹೋಗಬಹುದು, ಆದರೆ ಲೈಸೆನ್ಸ್ ಬೇಕು, ಪರೀಕ್ಷೆ ಇಲ್ಲ. ಆಸ್ಟ್ರೇಲಿಯದಲ್ಲಿ ಸಾರ್ವಜನಿಕರ ಬ್ಯಾಂಡ್ ಆದ ಯುಎಚ್‌ಎಫ್ ಸಿಬಿಯಲ್ಲಿ ಮಿತಿ 5 ವಾಟ್. ಒಂದು ದೇಶದಲ್ಲಿ ಕೊಂಡ ಸೆಟ್ ಇನ್ನೊಂದರಲ್ಲಿ ಕಾನೂನುಬಾಹಿರ ಆಗಬಹುದು. ಮೊದಲನೇ ಉತ್ತರದ ಅಂಟೆನಾ ಸಲಹೆಯೂ ಈ ಮಿತಿಯೊಳಗೇ.

ಪ್ರಶ್ನೆ: ಹೊಸ 50 ವಾಟ್ ಸೆಟ್‌ಗೆ ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕರೆಂಟ್ ಕೊಟ್ಟಿದ್ದೇನೆ. ಕೇಳುವಾಗ ಸರಿಯಾಗಿದೆ, ಗುಂಡಿ ಒತ್ತಿದ ತಕ್ಷಣ ಆಫ್ ಆಗುತ್ತದೆ. ಜೊತೆಗೆ ಕುಯ್ ಎಂಬ ಸದ್ದು.

ಉತ್ತರ: ಕೇಳುವಾಗ ಸೆಟ್ ಒಂದು ಆಂಪಿಯರ್ ಕೂಡ ಎಳೆಯುವುದು ಕಷ್ಟ, ಮಾತಾಡುವಾಗ 10–12 ಆಂಪಿಯರ್ ಬೇಕು. ಸಾಕೆಟ್‌ನ ಸಣ್ಣ ವೈರ್, ಸಡಿಲ ಪ್ಲಗ್ ಅದನ್ನು ತಾಳುವುದಿಲ್ಲ, ವೋಲ್ಟೇಜ್ ಕುಸಿದು ಸೆಟ್ ಮಲಗುತ್ತದೆ. ಬ್ಯಾಟರಿಯಿಂದಲೇ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಯಿರಿ. ಹೋಗಿಬರುವ ಉದ್ದ ಒಟ್ಟು 6 ಮೀಟರ್ ಇದ್ದರೆ 10 ಆಂಪಿಯರ್‌ಗೆ ಕಾಲು ವೋಲ್ಟ್ ಮಾತ್ರ ಬೀಳುತ್ತದೆ, 1.5 ಚದರ ಮಿ.ಮೀ. ಹಾಕಿದರೆ ಮುಕ್ಕಾಲು ವೋಲ್ಟ್‌ಗೆ ಹತ್ತಿರ. ಫ್ಯೂಸ್ 15 ಆಂಪಿಯರ್‌ನದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಸೆಟ್‌ನ ಪಕ್ಕ ಮಾತ್ರ ಹಾಕಿ ಬಿಟ್ಟರೆ, ಎಂಜಿನ್ ಬಳಿ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಕಾಯುವುದಿಲ್ಲ.

ಸದ್ದು ಎಕ್ಸಿಲರೇಟರ್ ಜೊತೆ ಏರಿಳಿದರೆ ಆಲ್ಟರ್ನೇಟರ್‌ನದು. ನೇರ ವೈರಿಂಗ್‌ನಿಂದಲೇ ಬಹಳಷ್ಟು ಇಳಿಯುತ್ತದೆ. ಇಲ್ಲದಿದ್ದರೆ ಯುಎಸ್‌ಬಿ ಚಾರ್ಜರ್, ಎಲ್‌ಇಡಿ ಲೈಟ್ ಬಾರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ, ಕಳ್ಳ ಸಿಕ್ಕಿಬೀಳುತ್ತಾನೆ.

ಪ್ರಶ್ನೆ: ಒಬ್ಬ ಸದಸ್ಯರ ಮಾತು ನಮಗೆಲ್ಲ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದೇ ಇಲ್ಲ. ಚಾನಲ್ ಒಂದೇ.

ಉತ್ತರ: ಅವರ ಸೆಟ್‌ನಲ್ಲಿ ‘ಪ್ರೈವೆಸಿ ಕೋಡ್’ ಆನ್ ಆಗಿದೆ. ಹೆಸರೇ ಮೋಸದ್ದು: ಅದು ನಿಮ್ಮ ಗುಟ್ಟು ಕಾಯುವುದಿಲ್ಲ, ನಿಮ್ಮ ಕಿವಿಯನ್ನಷ್ಟೇ ಮುಚ್ಚುತ್ತದೆ. 67.0, 88.5 ಹರ್ಟ್ಸ್‌ನಂಥ ಒಂದು ಸಣ್ಣ ಟೋನ್ ಮಾತಿನ ಅಡಿಯಲ್ಲಿ ಬಂದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ನಿಮ್ಮ ಸೆಟ್‌ಗಳು ಆ ಟೋನ್ ಕಳಿಸುತ್ತಿಲ್ಲ. ಅವರು ಮಾನಿಟರ್ ಗುಂಡಿ (ಟೋನ್ ಇಲ್ಲದಿದ್ದರೂ ಸ್ಪೀಕರ್ ತೆರೆಯುವಂಥದ್ದು) ಒತ್ತಿ ಹಿಡಿಯಲಿ. ನಿಮ್ಮ ಮಾತು ಕೇಳಿಬಿಟ್ಟರೆ ರೋಗ ಇದೇ. ಮೆನುವಿನಲ್ಲಿ ಸ್ವೀಕರಿಸುವ ಟೋನನ್ನು ಆಫ್ ಮಾಡಿಸಿ. ಹೊರಡುವ ಹಿಂದಿನ ದಿನ ಒಂದು ಸೆಟ್ ಸರಿಯಾಗಿ ಪ್ರೋಗ್ರಾಮ್ ಮಾಡಿ, ಅದೇ ಮಾದರಿಯ ಉಳಿದವಕ್ಕೆ ಕೇಬಲ್‌ನಲ್ಲಿ ನಕಲು ಮಾಡುವುದು ವಾಸಿ.

ಇನ್ನೊಬ್ಬರ ದನಿ ಒಡೆದಂತೆಯೋ ತೀರಾ ಸಣ್ಣಗೋ ಕೇಳಿದರೆ ಚಾನಲ್‌ನ ಅಗಲ ಬೆರೆತಿದೆ: ಒಂದು ಸೆಟ್ 12.5 ಕಿಲೋಹರ್ಟ್ಸ್‌ನಲ್ಲಿದೆ, ಇನ್ನೊಂದು 25ರಲ್ಲಿ. ಎಲ್ಲವನ್ನೂ ಒಂದೇ ಅಗಲಕ್ಕೆ ಇಡಿ.

ಪ್ರಶ್ನೆ: ಇದ್ದಕ್ಕಿದ್ದಂತೆ ಚಾನಲ್ಲಿನಲ್ಲಿ ಎಂಜಿನ್ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ. ಯಾಕೆ?

ಉತ್ತರ: ಯಾರದೋ ಮೈಕ್ ತೊಡೆಯಡಿಯೋ ಸೀಟಿನ ಸಂದಿಯಲ್ಲೋ ಸಿಕ್ಕಿ ಪಿಟಿಟಿ ಒತ್ತಿಕೊಂಡಿದೆ. ಅಂಥವರಿಗೆ ರೇಡಿಯೊದಲ್ಲಿ ಹೇಳಿ ಪ್ರಯೋಜನವಿಲ್ಲ, ಕಳಿಸುತ್ತಿರುವ ಸೆಟ್‌ಗೆ ಏನೂ ಕೇಳಿಸದು. ಮುಂದಿನ ಗಾಡಿಯೂ ಕೊನೆಯ ಗಾಡಿಯೂ ನಿಂತು ಕೈಸನ್ನೆಯಲ್ಲಿ ವಿಚಾರಿಸಬೇಕು. ಎಲ್ಲ ಸೆಟ್‌ಗಳಲ್ಲೂ ಟೈಮ್-ಔಟ್ ಟೈಮರನ್ನು (ಗುಂಡಿ ಒತ್ತಿಯೇ ಇದ್ದರೆ ಕಳಿಸುವುದನ್ನು ತಾನೇ ನಿಲ್ಲಿಸುವಂಥದ್ದು) 60 ಸೆಕೆಂಡಿಗೆ ಇಡಿ, ಡ್ಯಾಶ್‌ಬೋರ್ಡಿಗೆ ಮೈಕ್ ನೇತುಹಾಕುವ ಕೊಕ್ಕೆಯೊಂದನ್ನು ಬಿಗಿಯಿರಿ.