ಭಾರತೀಯ ಶಿಕ್ಷಕರು ಕೊರಿಯದ ಸರ್ಕಾರಿ ಶಾಲೆಗಳಿಗೆ ಅರ್ಜಿ ಸಲ್ಲಿಸಬಹುದೇ?

ನಮಸ್ಕಾರ. ಇಂಗ್ಲಿಷ್ ಎಂ.ಎ., ಬಿ.ಎಡ್. ಮುಗಿಸಿರುವ ತಾವು, ಭಾರತದ ಪಾಸ್‌ಪೋರ್ಟ್ ಹೊಂದಿದವರು ದಕ್ಷಿಣ ಕೊರಿಯದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಸಾಧ್ಯವೇ, ಅದಕ್ಕೆ ಯಾವ ದಾಖಲೆಗಳು ಬೇಕು ಎಂದು ಕೇಳಿದ್ದೀರಿ.

ಸಾಧ್ಯವಿದೆ, ಆದರೆ ದಾರಿ ಕಿರಿದು. ಅಲ್ಲಿನ ಇ-2 ವೀಸಾವನ್ನು ಇಂಗ್ಲಿಷ್ ಬೋಧನೆಗಾಗಿ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾದ ಪ್ರಜೆಗಳಿಗೆ ಮಾತ್ರ ಕೊಡುತ್ತಾರೆ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದ ಫಲವಾಗಿ, ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಯ ಅರ್ಹತೆಯನ್ನೂ ಪಡೆದಿರುವ ಭಾರತೀಯರು ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಲು ಅವಕಾಶವಾಯಿತು. ತಮ್ಮ ಎಂ.ಎ.ಗಿಂತ ಬಿ.ಎಡ್.ಗೇ ಇಲ್ಲಿ ಹೆಚ್ಚು ತೂಕ. ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲವಾದ್ದರಿಂದ, ಅಲ್ಲಿ ಕೆಲಸ ಕೊಡಿಸುವುದಾಗಿ ಮುಂಗಡ ಹಣ ಕೇಳುವ ಏಜೆಂಟರಿಂದ ದಯವಿಟ್ಟು ದೂರವಿರಿ.

ದಾಖಲೆಗಳ ವಿಷಯದಲ್ಲಿ ಇಂದೇ ಕಾರ್ಯೋನ್ಮುಖರಾಗಿ. ಪದವಿಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ದಾಖಲೆ ಅಸಲಿಯೆಂದು ವಿದೇಶದಲ್ಲಿ ಒಪ್ಪಿಕೊಳ್ಳಲು ಬೇಕಾದ ದೃಢೀಕರಣ ಮುದ್ರೆ) ಆಗಬೇಕು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿ, ಅದಕ್ಕೂ ಅಪೊಸ್ಟಿಲ್ ಮಾಡಿಸಬೇಕು. ನಮ್ಮ ಕಡೆಯವರನ್ನು ಬಹಳವಾಗಿ ಕಾಡುವುದು ಇನಿಷಿಯಲ್: ಅಂಕಪಟ್ಟಿಯಲ್ಲಿ ‘ಸುಮಾ ಕೆ.ಆರ್.’ ಎಂದಿದ್ದು, ಪಾಸ್‌ಪೋರ್ಟಿನಲ್ಲಿ ಅದೇ ಎರಡಕ್ಷರ ಊರಿನ ಮತ್ತು ತಂದೆಯ ಹೆಸರಾಗಿ ಬಿಡಿಸಿಕೊಂಡಿದ್ದರೆ ಇಬ್ಬರೂ ಒಬ್ಬರೇ ಎಂಬುದು ಪರದೇಶದ ಅಧಿಕಾರಿಗೆ ತಿಳಿಯುವುದಿಲ್ಲ. ಈ ವ್ಯತ್ಯಾಸವನ್ನು ಅಪೊಸ್ಟಿಲ್‌ಗೆ ಕಳಿಸುವ ಮುನ್ನವೇ ಸರಿಪಡಿಸಿಕೊಳ್ಳಿ.

ಅಲ್ಲಿ ಶಾಲಾ ವರ್ಷ ಮಾರ್ಚ್‌ನಲ್ಲಿ ಆರಂಭವಾಗುವುದರಿಂದ, ಹಿಂದಿನ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಕಾಗದಪತ್ರಗಳೆಲ್ಲ ಕೈಯಲ್ಲಿರುವುದು ಒಳ್ಳೆಯದು.